ಸ್ಪಿರಿಟ್ ಪೆಟ್ರೋಲಿನ ಕಾಲದಲ್ಲಿ ತ್ಯಾವರೆಕೊಪ್ಪದ ಏರು

ಅವನ ವ್ಯಾನು ತ್ಯಾವರೆಕೊಪ್ಪದ ಏರನ್ನು ಟಾಪ್ ಗೇರಿನಲ್ಲೇ ಹತ್ತಿತು ಎಂಬ ಸುದ್ದಿ ಬಂದ ದಿನ ನನಗೆ ಊಟ ಸೇರಲಿಲ್ಲ. ಇದನ್ನು ಮುಚ್ಚಿಟ್ಟು ಮಾತಾಡುವ ವಯಸ್ಸು ಈಗ ನನ್ನದಲ್ಲ. ಹೊಟ್ಟೆಕಿಚ್ಚು ನಮ್ಮ ಕಸುಬಿನಲ್ಲಿ ಪಾನಾ, ಸ್ಕ್ರೂಡ್ರೈವರುಗಳ ಜೊತೆಗೇ ಪೆಟ್ಟಿಗೆಯಲ್ಲಿರುವ ಸಾಮಾನು. ಬೇರೆಯವರು ಅದನ್ನು ತಳದಲ್ಲಿ ಇಟ್ಟುಕೊಂಡಿರುತ್ತಾರೆ, ನನ್ನದು ಸದಾ ಮೇಲೇ ಇರುತ್ತಿತ್ತು.

ಅರವತ್ತರ ದಶಕ ಇನ್ನೂ ಶುರುವಾಗಿರಲಿಲ್ಲ. ಶಿವಮೊಗ್ಗದಲ್ಲಿ ನಮ್ಮ ಸಾಹುಕಾರರದು ಎರಡು ಪೆಟ್ರೋಲ್ ವ್ಯಾನುಗಳ ಸಣ್ಣ ಶೆಡ್ಡು. ಎರಡೂ ಒಂದೇ ಕಂಪನಿಯವು, ಒಟ್ಟಿಗೇ ಕೊಂಡವು. ಒಂದು ಭದ್ರಾವತಿಗೆ ಹೋಗಿ ಬಂದರೆ ಇನ್ನೊಂದು ಸಾಗರದ ಕಡೆ ಹೋಗುತ್ತಿತ್ತು. ಶೆಡ್ಡಿನ ಯಜಮಾನಿಕೆ ನಡೆಸುತ್ತಿದ್ದವರು ಒಬ್ಬ ಸಾಬರು, ಊರಿಗೆಲ್ಲ ಅವರು ಉಸ್ತಾದ್. ನಾನು ಸಂಸ್ಕೃತ ಪಾಠಶಾಲೆಯ ಮೇಷ್ಟರ ಮಗ. ಬಾಯಿಪಾಠ ಮಾಡಿದ ಶ್ಲೋಕಗಳಿಗೆ ಅರ್ಥ ಕಲಿಯುವ ಮೊದಲೇ ಪಾಠಶಾಲೆ ಬಿಟ್ಟು ಇವರ ಶೆಡ್ಡು ಸೇರಿದವನು. ನಮ್ಮಪ್ಪ ಅದಕ್ಕಾಗಿ ಉಸ್ತಾದರ ಜೊತೆ ಎಷ್ಟೋ ಕಾಲ ಮಾತು ಬಿಟ್ಟಿದ್ದರು.

ಉಸ್ತಾದರು ಮುಂದಿನ ರಂಜಾನ್ ಆದಮೇಲೆ ದಾವಣಗೆರೆಯಲ್ಲಿರುವ ಮಗಳ ಮನೆಗೆ ಹೋಗಿಬಿಡುತ್ತೇನೆಂದು ಹೇಳಿದ್ದರು. ಹೋಗುವಾಗ ಅವರು ಯಾರ ಹೆಸರು ಹೇಳುತ್ತಾರೋ ಅವರಿಗೆ ಶೆಡ್ಡು ಎಂದು ಸಾಹುಕಾರರು ಒಪ್ಪಿದ್ದರು. ಆ ಹೆಸರು ನನ್ನದೇ ಎಂದು ನಾನು ನಂಬಿದ್ದೆ. ನಂಬುವುದಕ್ಕೆ ಕಾರಣವೂ ಇತ್ತು.

ಉಸ್ತಾದರು ಟೈಮಿಂಗ್ ಕಟ್ಟುವ ಪದ್ಧತಿಯೇ ಬೇರೆ. ಪ್ಲಗ್ಗಿನಲ್ಲಿ ಕಿಡಿ ಎಷ್ಟು ಮುಂಚಿತವಾಗಿ ಹುಟ್ಟಬೇಕು ಎಂಬುದನ್ನು ಡಿಸ್ಟ್ರಿಬ್ಯೂಟರ್ ತಿರುಗಿಸಿ ಗೊತ್ತುಮಾಡಬೇಕು. ಬೇಗ ಹುಟ್ಟಿದಷ್ಟೂ ಎಂಜಿನ್ನಿಗೆ ಶಕ್ತಿ, ಆದರೆ ಅದಕ್ಕೊಂದು ಮಿತಿಯಿದೆ. ಮಿತಿ ದಾಟಿದರೆ ಭಾರ ಎಳೆಯುವಾಗ ಎಂಜಿನ್ ಒಳಗೆ ಹಿತ್ತಾಳೆ ಚೊಂಬಿನಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ ಸದ್ದು ಬರುತ್ತದೆ. ನಾವು ಅದಕ್ಕೆ 'ಹೊಡೀತಿದೆ' ಅನ್ನುತ್ತಿದ್ದೆವು. ಹಾಗೆ ಹೊಡೆಯುತ್ತ ಬಿಟ್ಟರೆ ಪಿಸ್ಟನ್ ತೂತಾಗುತ್ತದೆ. ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಿ ಈ ಸದ್ದು ಬಾರದು. ಅದಕ್ಕೇ ವ್ಯಾನಿಗೆ ಮರಳಿನ ಚೀಲ ತುಂಬಿಕೊಂಡು ಸಾಗರದ ರಸ್ತೆಯಲ್ಲಿ ತ್ಯಾವರೆಕೊಪ್ಪದ ಏರಿಗೆ ಹೋಗುತ್ತಿದ್ದೆವು. ಸದ್ದು ಹುಟ್ಟುವವರೆಗೆ ಡಿಸ್ಟ್ರಿಬ್ಯೂಟರನ್ನು ಮುಂದಕ್ಕೆ ತಿರುಗಿಸುವುದು, ಹುಟ್ಟಿದ ಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ತಂದು ಬಿಗಿಯುವುದು. ಇಷ್ಟೇ ವಿದ್ಯೆ. ಸದ್ದೇ ನಮ್ಮ ಅಳತೆಪಟ್ಟಿ.

ಏರಿಗೆ ಹೋಗುವಾಗೆಲ್ಲ ಉಸ್ತಾದರು ನನ್ನನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಸ್ಟಿಯರಿಂಗ್ ಹಿಡಿದವರು ರಸ್ತೆಗಿಂತ ಹೆಚ್ಚಾಗಿ ನನ್ನ ಕಡೆ ನೋಡುತ್ತಿದ್ದರು. "ಸಾಕು. ಇಲ್ಲೇ ಹುಟ್ತು" ಎಂದು ಅವರೇ ನಿಲ್ಲಿಸುತ್ತಿದ್ದರು, ಸದ್ದು ನನಗೆ ಕೇಳಿಸಿದ ಕ್ಷಣಕ್ಕೇ ಸರಿಯಾಗಿ. ಮಗನನ್ನು ನೋಡುವ ಹಾಗೆ ನೋಡುತ್ತಾರಲ್ಲ ಎಂದು ನನಗೆ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು.

ಆಮೇಲೆ ಭದ್ರಾವತಿಯವನು ಬಂದ. ನನಗಿಂತ ಚಿಕ್ಕವನು, ಮನೆಮಾತು ತಮಿಳು, ಅಲ್ಲಿನ ಲೇತ್ ಅಂಗಡಿಗಳಲ್ಲಿ ಕೆಲಸ ಮಾಡಿ ಪಳಗಿದವನು. ಎರಡು ವ್ಯಾನುಗಳಲ್ಲಿ ಒಂದನ್ನು ನೋಡಿಕೊಳ್ಳುವುದು ಅವನ ಪಾಲಿಗೆ ಬಂತು, ಇನ್ನೊಂದು ನನ್ನ ಪಾಲಿಗೆ ಉಳಿಯಿತು. ಬಂದ ದಿನವೇ ನನ್ನನ್ನು 'ಅಣ್ಣ' ಅಂದ. ಉಸ್ತಾದರು ಸಾಸರಿಗೆ ಚಹಾ ಸುರಿದು ಅರ್ಧ ನನಗೆ ಕೊಡುತ್ತಿದ್ದವರು ಅಂದು ಅವನಿಗೆ ಕೊಟ್ಟರು. ಹೊಸಬ ಎಂದು ಕೊಟ್ಟಿರಬಹುದು. ನಾನು ಇವತ್ತಿಗೂ ಆ ಸಾಸರನ್ನು ಮರೆತಿಲ್ಲ.

ಹೀಗಿರುವಾಗ ಪೆಟ್ರೋಲಿಗೆ ಸ್ಪಿರಿಟ್ ಬೆರೆತು ಬರತೊಡಗಿತು. ಕಬ್ಬಿನ ಕಾಕಂಬಿಯಿಂದ ಇಳಿಸಿದ ಸ್ಪಿರಿಟ್. "ಮನುಷ್ಯರಿಗೆ ಸಿಗದ್ದು ಗಾಡಿಗೆ ಸಿಗ್ತಿದೆಯಲ್ಲಪ್ಪ" ಎಂದು ಪಾನನಿಷೇಧದ ಆ ಕಾಲದಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಜನ ನಗುತ್ತಿದ್ದರು. ನಮಗೆ ನಗು ಬರಲಿಲ್ಲ. ಸ್ಪಿರಿಟ್ ಟ್ಯಾಂಕಿನೊಳಗಿನ ಹಳೇ ತುಕ್ಕನ್ನೆಲ್ಲ ಎಬ್ಬಿಸಿ ತಂದು ಫಿಲ್ಟರಿಗೆ ತುಂಬಿತು. ಕಾರ್ಬುರೇಟರಿನೊಳಗೆ ತೇಲುವ ಬೆಂಡಿನ ಮೇಲಿದ್ದ ಅರಗಿನ ಲೇಪ ಕರಗಿಹೋಗಿ ಬೆಂಡು ಪೆಟ್ರೋಲು ಕುಡಿದು ಮುಳುಗಿತು. ಎಂಜಿನ್ ಮೇಲೆಲ್ಲ ಪೆಟ್ರೋಲ್ ಚೆಲ್ಲಿತು. ಹಿತ್ತಾಳೆಯ ಟೊಳ್ಳು ಬೆಂಡು ಹಾಕಿ ಆ ತಾಪತ್ರಯ ಮುಗಿಸಿದರೆ, ಗಾಡಿ ಏರಿನಲ್ಲಿ ಕೆಮ್ಮುತ್ತಿತ್ತು.

"ಅಣ್ಣ, ಸ್ಪಿರಿಟ್ ಜಾಸ್ತಿ ಕೇಳುತ್ತೆ, ಗಾಳಿ ಕಮ್ಮಿ ಕೇಳುತ್ತೆ. ಪೆಟ್ರೋಲ್ ಚಿಮ್ಮೋ ಜೆಟ್ ತೂತು ಒಂಚೂರು ದೊಡ್ಡದು ಮಾಡ್ಬೇಕು" ಅಂದ ಭದ್ರಾವತಿಯವನು. ಎರಡೂ ಗಾಡಿಗೆ ಅವನೇ ಜೆಟ್ ಕೊರೆದುಕೊಂಡು ಬಂದ. ಕೆಮ್ಮು ನಿಂತಿತು. ಉಸ್ತಾದರು ಅವನ ಬೆನ್ನು ತಟ್ಟಿದರು. ನಾನು ಮೊಸರಿನಲ್ಲಿ ಕಲ್ಲು ಹುಡುಕುವವನ ಹಾಗೆ ಆ ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿದೆ. ತೂತು ದುಂಡಗೇ ಇತ್ತು.

ಅದರ ಮುಂದಿನ ವಾರ ಅವನು ಭದ್ರಾವತಿಗೆ ಹೋಗಿ ಬಂದ. ಅವನ ಪಾಲಿನ ವ್ಯಾನು ಅಲ್ಲಿಂದಾಚೆಗೆ ಹಾರತೊಡಗಿತು. ಎರಡನೇ ಗೇರಿಗೆ ಇಳಿಸದೆ ಏರು ಹತ್ತಿತು ಎಂದು ಡ್ರೈವರ್ ಬಂದು ಕುಣಿದಾಡಿದ. ಅದೇ ಎಂಜಿನ್ನು, ಅದೇ ಜೆಟ್ಟು, ಅದೇ ಪೆಟ್ರೋಲು. ನನ್ನ ವ್ಯಾನು ಮಾತ್ರ ಮುದುಕಿಯ ಹಾಗೆ ತೇಕುತ್ತ ಹೋಗುತ್ತಿತ್ತು. ಟೈಮಿಂಗ್‌ನಲ್ಲೇ ಏನೋ ಮಾಡಿದ್ದಾನೆ ಎಂದು ನಾನು ತೀರ್ಮಾನಿಸಿದೆ. ಟೈಮಿಂಗ್ ನನ್ನ ವಿದ್ಯೆ. ಅದರಲ್ಲಿ ಅವನು ಮೇಲಾಗುವುದೆಂದರೇನು?

ಮರಳಿನ ಚೀಲ ತುಂಬಿಕೊಂಡು ಒಬ್ಬನೇ ಏರಿಗೆ ಹೋದೆ. ಡಿಸ್ಟ್ರಿಬ್ಯೂಟರನ್ನು ಮುಂದಕ್ಕೆ ತಿರುಗಿಸಿ ಕಿಡಿಗೆ ಅಡ್ವಾನ್ಸ್ ಕೊಟ್ಟೆ. ಸದ್ದಿಲ್ಲ. ಇನ್ನಷ್ಟು ಕೊಟ್ಟೆ. ಸದ್ದಿಲ್ಲ. ಸ್ಪಿರಿಟ್ ಬೆರೆತ ಪೆಟ್ರೋಲಿನ ಗುಣವೇ ಅದು, ಅಷ್ಟು ಸುಲಭಕ್ಕೆ ಹೊಡೆಯುವುದಿಲ್ಲ. ಓದಿದವರು ಅದನ್ನು ಆಕ್ಟೇನ್ ಜಾಸ್ತಿ ಅನ್ನುತ್ತಾರೆ. ಕಿವಿಯನ್ನೇ ನಂಬಿದ ನನಗೆ ಅದು ಹೇಗೆ ಹೊಳೆಯಬೇಕು? ಸದ್ದು ಹುಟ್ಟುವವರೆಗೂ ಜಾಗ ಇದೆ ಅಂತಲೇ ನನ್ನ ಲೆಕ್ಕ. ಸುಮ್ಮನಿರುವ ಎಂಜಿನ್ನನ್ನು ಇನ್ನೂ ಇನ್ನೂ ಮುಂದಕ್ಕೆ ತಳ್ಳಿದೆ. ಗಾಡಿ ಕಾಯುತ್ತಿತ್ತು, ಎಳೆತ ಕಡಿಮೆಯಾಗುತ್ತಿತ್ತು, ನಾನು ಅದನ್ನು ಗಮನಿಸದೆ ಸದ್ದಿಗಾಗಿ ಕಾಯುತ್ತಿದ್ದೆ.

ಮಾರನೇ ಬೆಳಿಗ್ಗೆ ಶೆಡ್ಡಿನ ಮುಂದೆ ಎಂಜಿನ್ ಎಬ್ಬಿಸಲು ಹ್ಯಾಂಡಲ್ ಹೊಡೆದೆ. ಪಿಸ್ಟನ್ ಮೇಲೆ ಬರುವ ಎಷ್ಟೋ ಮೊದಲೇ ಕಿಡಿ ಹುಟ್ಟಿ ಎಂಜಿನ್ನು ಉಲ್ಟಾ ಒದೆಯಿತು. ಹ್ಯಾಂಡಲ್ ತಿರುಗಿ ಬಂದು ನನ್ನ ಬಲಗೈ ಮಣಿಕಟ್ಟಿಗೆ ಬಡಿಯಿತು. ಮೂಳೆ ಮುರಿದ ಸದ್ದು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು.

ಮೊದಲು ಓಡಿಬಂದವನು ಅವನೇ. "ಅಯ್ಯೋ ಅಣ್ಣಾ!" ಎಂದು ನನ್ನನ್ನು ಎತ್ತಿಕೊಂಡು ನಾಟಿ ವೈದ್ಯರ ಹತ್ತಿರ ಕರೆದುಕೊಂಡು ಹೋದ. ಬಿದಿರ ಪಟ್ಟಿ ಕಟ್ಟುವವರೆಗೆ ನನ್ನ ಭುಜ ಹಿಡಿದುಕೊಂಡು ನಿಂತಿದ್ದ. ನೋವಿಗಿಂತ ಆ ಹಿಡಿತವೇ ನನಗೆ ಹೆಚ್ಚು ಉರಿಯಿತು.

ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ಹೆಂಡತಿ ಗಂಜಿ ಕುಡಿಸುತ್ತ ಕೇಳಿದಳು. "ಅವ್ನ ಗಾಡಿ ಓಡಿದ್ರೆ ನಿಮ್ದೇನು ಹೋಗುತ್ತೆ? ಹುಲೀನ ನೋಡಿ ನರಿ ಮೈ ಸುಟ್ಕೊಂಡ್ಹಾಗಾಯ್ತು."

"ನಿಂಗೆ ಗೊತ್ತಾಗಲ್ಲ ಸುಮ್ನಿರೆ ಮಾರಾಯ್ತಿ. ಟೈಮಿಂಗ್ ವಿಷಯ ಅದು."

"ಟೈಮಿಂಗೋ ಪೈಮಿಂಗೋ. ಎಡಗೈಲಿ ಚಮಚ ಹಿಡಿಯೋದು ಕಲ್ತ್ಕೊಳಿ."

ಎಡಗೈಯಲ್ಲಿ ಚಮಚ ಹಿಡಿಯುತ್ತಲೇ ನಾನು ಯೋಚಿಸಿದ್ದು. ಈ ಪೆಟ್ರೋಲಿನಲ್ಲಿ ಕಿವಿ ಕೆಲಸಕ್ಕೆ ಬಾರದು. ಹಾಗಾದರೆ ಬೇರೆ ಅಳತೆ ಬೇಕು. ಏರು ಹತ್ತಲು ಗಾಡಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದೇ ನಿಜವಾದ ಅಳತೆಯಲ್ಲವೇ? ಗಡಿಯಾರ ನನ್ನ ಹತ್ತಿರ ಇರಲಿಲ್ಲ. ಕೇಳಿದರೆ ಸಿಗುತ್ತಿದ್ದುದು ಭದ್ರಾವತಿಯವನ ಕೈಗಡಿಯಾರ, ಅದನ್ನು ನಾನು ಸತ್ತರೂ ಕೇಳುತ್ತಿರಲಿಲ್ಲ. ಆಗ ನೆನಪಾದದ್ದು ಶ್ಲೋಕಗಳ ಬಾಯಿಪಾಠ. ಅಪ್ಪ ಬೆತ್ತ ಹಿಡಿದು ಕಲಿಸಿದ್ದು. ಮಾತ್ರೆ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅದೇ ಓಟದಲ್ಲಿ ಬರುತ್ತದೆ.

ಇನ್ನು ಮುಂದೆ ಸದ್ದಿಗೆ ಕಾಯುವುದಿಲ್ಲ ಎಂದು ನಿರ್ಧರಿಸಿ ಉಸ್ತಾದರನ್ನು ಏರಿಗೆ ಹೊರಡಿಸಿದೆ. ಅವರು ಗಾಡಿ ಓಡಿಸಿದರು. ಕೆಳಗಿನ ಮೋರಿ ದಾಟುತ್ತಲೇ ನಾನು ಶ್ಲೋಕ ಶುರುಮಾಡಿದೆ, ಮೇಲಿನ ಆಲದಮರ ಬಂದಾಗ ನಿಲ್ಲಿಸಿದೆ. ಎಷ್ಟನೆಯ ಶ್ಲೋಕದ ಯಾವ ಪಾದ ಎಂದು ನೆನಪಿಟ್ಟುಕೊಂಡೆ. ಕೆಳಗೆ ಬಂದು ಎಡಗೈಯಲ್ಲಿ ಡಿಸ್ಟ್ರಿಬ್ಯೂಟರ್ ತುಸು ಹಿಂದಕ್ಕೆ ತಿರುಗಿಸಿ ಮತ್ತೆ ಹತ್ತಿದೆವು.

"ಏನೋ ಇದು, ಎಂಜಿನ್‌ಗೆ ಮಂತ್ರ ಹಾಕ್ತಾ ಇದೀಯಾ?" ಎಂದರು ಉಸ್ತಾದರು, ನನ್ನ ತುಟಿಗಳನ್ನೇ ನೋಡುತ್ತ.

"ಟೈಮ್ ನೋಡ್ತಿದೀನಿ ಉಸ್ತಾದ್."

"ವ್ಹಾ! ನಿಮ್ಮಪ್ಪನಿಗೆ ಹೇಳು. ಈಗಲಾದ್ರೂ ನನ್ ಹತ್ರ ಮಾತಾಡ್ತಾರೆ."

ಹಿಂದಕ್ಕೆ ತಂದಷ್ಟೂ ಶ್ಲೋಕ ಕಡಿಮೆಯಾಗುತ್ತ ಬಂದವು. ಒಂದು ಜಾಗ ದಾಟಿ ಇನ್ನೂ ಹಿಂದಕ್ಕೆ ತಂದಾಗ ಮತ್ತೆ ಹೆಚ್ಚಾದವು. ಆ ಜಾಗದಲ್ಲೇ ಬಿಗಿದೆ. ನನ್ನ ವ್ಯಾನು ಈ ಹಿಂದೆ ಯಾವತ್ತೂ ಅಷ್ಟು ಚೆನ್ನಾಗಿ ಏರು ಹತ್ತಿರಲಿಲ್ಲ. ಆನಂದವಾಯಿತು. ಆ ಆನಂದ ಒಂದು ಸಂಜೆ ಉಳಿಯಿತು.

ಯಾಕೆಂದರೆ ಮಾರನೆಯ ದಿನ ಅವನ ವ್ಯಾನಿನಲ್ಲಿ ಕುಳಿತು ಮನಸ್ಸಿನಲ್ಲೇ ಶ್ಲೋಕ ಹೇಳಿಕೊಂಡೆ. ಆಲದಮರ ಬಂದಾಗ ನನ್ನ ವ್ಯಾನಿನ ಲೆಕ್ಕದಲ್ಲಿ ಇಡೀ ಎರಡು ಶ್ಲೋಕ ಇನ್ನೂ ಹೇಳದೆ ಉಳಿದಿದ್ದವು. ತಡೆಯಲಾರದೆ ಕೇಳಿಯೇಬಿಟ್ಟೆ. "ಏನ್ ಮಾಡಿದೀಯ ಮಾರಾಯ ಇದಕ್ಕೆ?"

ಅವನು ಮುಚ್ಚುಮರೆಯಿಲ್ಲದೆ ಹೇಳಿದ. "ಹೆಡ್ ತೇಯ್ಸ್ಕೊಂಡ್ ಬಂದೆ ಅಣ್ಣ, ಭದ್ರಾವತೀಲಿ. ಸ್ಪಿರಿಟ್ ಹೊಡಿಯಲ್ವಲ್ಲ, ಅದಕ್ಕೇ ಇನ್ನಷ್ಟು ಒತ್ತಿ ಉರಿಸ್ಬಹುದು ಅಂತ. ನಿಮ್ ಗಾಡೀದೂ ತೇಯ್ಸೋಣ್ವಾ?"

ಎಂಜಿನ್ನಿನ ತಲೆಯನ್ನು ತೇಯಿಸಿದರೆ ಒಳಗಿನ ಜಾಗ ಕಿರಿದಾಗುತ್ತದೆ, ಪೆಟ್ರೋಲು ಗಾಳಿ ಇನ್ನಷ್ಟು ಒತ್ತಿಕೊಂಡು ಉರಿದು ಶಕ್ತಿ ಹೆಚ್ಚುತ್ತದೆ. ಅಂಥ ಎಂಜಿನ್ನಿಗೆ ಹೊಡೆಯದ ಪೆಟ್ರೋಲೇ ಬೇಕು. ಹೊಸ ಪೆಟ್ರೋಲಿನಿಂದ ಬಂದ ತೊಂದರೆಗಳನ್ನು ನಾನು ರಿಪೇರಿ ಮಾಡುತ್ತಿದ್ದೆ, ಅವನು ಅದರಿಂದ ಲಾಭ ತೆಗೆದಿದ್ದ. ಇದು ನನಗೆ ಯಾಕೆ ಹೊಳೆಯಲಿಲ್ಲ? "ಬೇಡ" ಅಂದೆ. ಆವತ್ತಿನಿಂದ ಉಸ್ತಾದರು ಏರಿಗೆ ಹೊರಟಾಗ ಪಕ್ಕದಲ್ಲಿ ಕೂರುತ್ತಿದ್ದವನು ಅವನೇ. ನನ್ನನ್ನು ಕರೆಯಲಿಲ್ಲ. ಕೈಗೆ ಪೆಟ್ಟಾಗಿದೆ ಅಂತಲೋ ಏನೋ ಎಂದು ಹೆಂಡತಿ ಸಮಾಧಾನ ಹೇಳಿದಳು. ಏರಿನಲ್ಲಿ ಕೂರುವುದಕ್ಕೆ ಕೈ ಯಾಕೆ ಬೇಕು?

ರಂಜಾನ್ ತಿಂಗಳು ಹತ್ತಿರ ಬಂತು. ಭದ್ರಾವತಿಯ ಕಾಗದನಗರದ ಹುಡುಗರ ಫುಟ್ಬಾಲ್ ತಂಡವೊಂದು ಸಾಗರದಲ್ಲಿ ಆಡಲು ಹೋಗಬೇಕೆಂದು ನಮ್ಮ ವ್ಯಾನು ಗೊತ್ತುಮಾಡಿತು. ಭದ್ರಾವತಿಯವನೇ ಬೆಳಿಗ್ಗೆ ಹೋಗಿ ತಂಡವನ್ನು ತುಂಬಿಕೊಂಡು ಬಂದ. ಶಿವಮೊಗ್ಗದಲ್ಲಿ ಉಸ್ತಾದರು ಹತ್ತಿದರು. ಸಾಹುಕಾರರಿಗೆ ಆ ದಿನ ಸಂಜೆ ಹೆಸರು ಹೇಳುವುದಾಗಿ ಅವರು ಮಾತು ಕೊಟ್ಟಿದ್ದರು. ನನ್ನನ್ನೂ "ಬಾರೋ" ಎಂದು ಕರೆದರು. ಕರೆದದ್ದೇ ಸಾಕು ಎಂದು ಪಟ್ಟಿ ಕಟ್ಟಿದ ಕೈ ಎದೆಗೆ ಒತ್ತಿಕೊಂಡು ಹತ್ತಿದೆ. ಸ್ಟಿಯರಿಂಗ್ ಅವನದು, ನಡುವೆ ಉಸ್ತಾದರು, ಕಿಟಕಿಯ ಕಡೆ ನಾನು.

ಹಿಂದೆ ಹುಡುಗರು ತಗಡಿನ ಡಬ್ಬ ಬಡಿಯುತ್ತ, ತಮಿಳು ತೆಲುಗು ಕನ್ನಡಗಳನ್ನೆಲ್ಲ ಕಲಸಿ ಹಾಡುತ್ತಿದ್ದರು. ಮೋರಿ ದಾಟಿದೆವು. ಏರು ಹಿಡಿಯಿತು. ಡಬ್ಬದ ಗದ್ದಲದ ಅಡಿಯಲ್ಲಿ ಒಂದು ಸಣ್ಣ 'ಟಣ್' ಕೇಳಿಸಿತು.

ಎಷ್ಟು ಕಾಲವಾಗಿತ್ತು ಆ ಸದ್ದು ಕೇಳಿ! ಇನ್ನೊಂದು. ಆಮೇಲೆ ಬಿಡುವಿಲ್ಲದೆ. ಎಂಜಿನ್ ಹೊಡೆಯುತ್ತಿತ್ತು, ಸಾಧಾರಣವಾಗಿ ಅಲ್ಲ. ಭದ್ರಾವತಿಯವನು ತಾಳಕ್ಕೆ ತಲೆಯಾಡಿಸುತ್ತ ಆಕ್ಸಿಲರೇಟರ್ ಒತ್ತುತ್ತಲೇ ಇದ್ದ. ತೇಯಿಸಿದ ಹೆಡ್ಡು, ತುಂಬಿದ ಭಾರ. ಹೀಗೇ ಆಲದಮರದವರೆಗೆ ಹೋದರೆ ಪಿಸ್ಟನ್ ತೂತು ಬೀಳುವುದು ಖಂಡಿತ. ತೂತು ಬಿದ್ದರೆ ಸಂಜೆ ಉಸ್ತಾದರ ಬಾಯಲ್ಲಿ ಬರುವ ಹೆಸರು ಯಾವುದು ಎಂಬುದೂ ಖಂಡಿತ. ನಾನು ಬಾಯಿ ಬಿಡಲಿಲ್ಲ. ಕಿಟಕಿಯ ಹೊರಗೆ ನೋಡೋಣವೆಂದು ಕತ್ತು ತಿರುಗಿಸಲು ಹೊರಟಾಗ ಉಸ್ತಾದರು ನನ್ನನ್ನೇ ನೋಡುತ್ತಿದ್ದರು. ಹಳೆಯ ಹಾಗೆಯೇ.

"ನಿಲ್ಸು! ನಿಲ್ಸು ಗಾಡಿ!"

ವ್ಯಾನು ನಿಂತಿತು. ಡಬ್ಬವೂ ನಿಂತಿತು. "ಯಾಕೆ ಉಸ್ತಾದ್? ಚೆನ್ನಾಗ್ ಹೋಗ್ತಿತ್ತಲ್ಲ" ಎಂದ ಭದ್ರಾವತಿಯವನು.

"ಹೊಡೀತಿದೆ."

"ನಂಗೇನೂ ಕೇಳಿಸ್ಲಿಲ್ಲ. ನಿಮಗೆ ಕೇಳಿಸ್ತಾ?"

"ನಂಗಾ?" ಉಸ್ತಾದರು ನಕ್ಕರು. "ಅರೆ ಬೇಟಾ, ನಂಗೆ ಸಣ್ಣ ಸದ್ದು ಕೇಳಿಸೋದು ನಿಂತು ಯಾವ ಕಾಲ ಆಯ್ತು. ಮಾತು ಕೇಳುತ್ತೆ, ಅದೂ ಬಾಯಿ ನೋಡ್ಕೊಂಡು. ಇಷ್ಟು ವರ್ಷ ಟೈಮಿಂಗ್ ಕಟ್ಟಿದ್ದು ಈ ಮುಖ ನೋಡಿ." ಅವರ ಬೆರಳು ನನ್ನ ಕಣ್ಣಿನ ಪಕ್ಕಕ್ಕೆ ತಾಗಿತು. "ಸದ್ದು ಹುಟ್ಟಿದ್ ತಕ್ಷಣ ಇಲ್ಲಿ ಒಂದು ನರ ಎಳೆಯುತ್ತೆ. ಅದೇ ನನ್ ಮೀಟರ್. ಸ್ಪಿರಿಟ್ ಬಂದ್ಮೇಲೆ ಈ ಮುಖದಲ್ಲಿ ಎಂಜಿನ್ ಕಾಣಿಸ್ತಾನೇ ಇರ್ಲಿಲ್ಲ. ನೀನೇ ಕಾಣಿಸ್ತಿದ್ದೆ ಬೇಟಾ. ಅದಕ್ಕೇ ಇವನನ್ನ ಕರ್ಕೊಂಡ್ ಹೋಗೋದು ಬಿಟ್ಟೆ."

ನಾನು ಆ ಹೊತ್ತಿನಲ್ಲಿ ಭೂಮಿಗೆ ಇಳಿದುಹೋಗಲು ತಯಾರಿದ್ದೆ. ಭದ್ರಾವತಿಯವನು ನನ್ನ ಮುಖವನ್ನು ಒಂದು ಸಲ ನೋಡಿ, ಕೆಳಗಿಳಿದು ಟ್ಯಾಂಕಿನ ಮುಚ್ಚಳ ತೆಗೆದ. ಮೂಸಿದೆವು. ಸ್ಪಿರಿಟಿನ ವಾಸನೆಯೇ ಇಲ್ಲ.

"ಬೆಳಿಗ್ಗೆ ಭದ್ರಾವತೀಲಿ ತುಂಬ್ಸ್ದೆ" ಎಂದ ಅವನು, ಪೆಚ್ಚಾಗಿ. "ಬೆರೆಸಿದ್ದು ಬಂದಿಲ್ಲ, ಬರೀ ಪೆಟ್ರೋಲೇ ಇರೋದು ಅಂದ್ರು. ಇನ್ನೂ ಒಳ್ಳೇದಾಯ್ತು ಅಂದ್ಕೊಂಡೆ."

ಅಪ್ಪಟ ಪೆಟ್ರೋಲು ಬೆರಕೆಗಿಂತ ಮೇಲು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಹೊಡೆಯದಿರುವ ಗುಣದಲ್ಲಿ ಬೆರಕೆಯೇ ಮೇಲಾಗಿತ್ತು. ಆ ಬೆರಕೆಗೆಂದೇ ತೇಯಿಸಿದ ಎಂಜಿನ್ನು ಅಪ್ಪಟವನ್ನು ತಾಳಲಾರದೆ ಹೋಗಿತ್ತು.

"ಸೀಕ್ರಂ ಪೋಣುಂ ಸಾರ್, ಬೇಗ ಬೇಗ, ಮ್ಯಾಚ್ ಇದೆ!" ಎಂದು ಹುಡುಗರು ಕೂಗಿದರು. ಹೆಡ್ಡನ್ನು ಅಲ್ಲಿ ಏನೂ ಮಾಡುವಂತಿರಲಿಲ್ಲ. ಕಿಡಿಯನ್ನು ಹಿಂದಕ್ಕೆ ತಂದು ಸಂಭಾಳಿಸಬೇಕು. ಎಷ್ಟು ಹಿಂದಕ್ಕೆ ಎಂಬುದು ಆ ಏರಿನಲ್ಲಿ ಗೊತ್ತಿದ್ದುದು ನನ್ನ ಕಿವಿಗೆ ಮಾತ್ರ. ಪಾನಾ ಹಿಡಿಯಲು ನನಗೆ ಕೈಯಿಲ್ಲ. ಅವನು ಪಾನಾ ಹಿಡಿದು ನಿಂತು, "ಹೇಳಣ್ಣ" ಅಂದ.

ಹೇಳಿದೆ. ಇಳಿದು, ತಿರುಗಿಸಿ, ಹತ್ತಿ, ಮತ್ತೆ ಇಳಿದು. "ಇನ್ನೂ ಹೊಡೀತಿದೆ. ಇನ್ನೊಂಚೂರು ಹಿಂದಕ್ಕೆ." ಒಂದು ಸಲ 'ಸರಿಯಾಯ್ತು' ಎಂದು ಸುಳ್ಳು ಹೇಳಿಬಿಡೋಣವೆಂದು ನಾಲಗೆ ತುದಿಗೆ ಬಂದದ್ದು ನಿಜ. ಆದರೆ ಪಕ್ಕದಲ್ಲಿ ಉಸ್ತಾದರು ಕೂತಿದ್ದರು. ನಾಲಗೆ ಹೇಳಿದ್ದನ್ನು ಮುಖ ಒಪ್ಪಬೇಕಲ್ಲ. ಸದ್ದು ಪೂರ್ತಿ ಅಡಗಿದ ಮೇಲೆಯೇ ಬಿಗಿಸಿದೆ. ಎರಡನೇ ಗೇರಿನಲ್ಲಿ, ತೇಕುತ್ತ, ನನ್ನ ವ್ಯಾನಿಗಿಂತಲೂ ನಿಧಾನವಾಗಿ ಅವನ ವ್ಯಾನು ಆಲದಮರ ಮುಟ್ಟಿತು. ಸಾಗರಕ್ಕೆ ತಡವಾಗಿ ತಲುಪಿದೆವು. ಹುಡುಗರು ಆಡಿದರು, ಸೋತರು, ವಾಪಸು ಬರುವಾಗಲೂ ಡಬ್ಬ ಬಡಿದರು.

ಸಂಜೆ ಶೆಡ್ಡಿನ ಮುಂದೆ ಸಾಹುಕಾರರು ಬೆತ್ತದ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. "ಏನ್ ಸಾಬ್ರೇ, ಯಾರ ಹೆಸರು?"

ಉಸ್ತಾದರು ಅವಸರ ಮಾಡಲಿಲ್ಲ. ಸಾಸರಿಗೆ ಚಹಾ ಸುರಿದುಕೊಂಡರು, ಅರ್ಧ ಕುಡಿದರು, ಉಳಿದದ್ದನ್ನು ನನ್ನ ಎಡಗೈಗೆ ಕೊಟ್ಟರು.

"ಶೆಡ್ಡು ಅವನಿಗೆ ಕೊಡಿ" ಎಂದರು ಭದ್ರಾವತಿಯವನನ್ನು ತೋರಿಸಿ. "ಹೊಸದು ಬಂದ್ರೆ ಅವನು ಹೆದರಲ್ಲ. ಏರು ಮಾತ್ರ ಇವನದು. ಇವನು ಹೂಂ ಅನ್ನದೆ ಯಾವ ಗಾಡೀನೂ ಶೆಡ್ ಬಿಟ್ಟು ಹೋಗ್ಬಾರ್ದು."

ಅರ್ಧ ರಾಜ್ಯ ಸಿಕ್ಕಿತಲ್ಲ ಎಂದಳು ಹೆಂಡತಿ. ಅರ್ಧ ರಾಜ್ಯದಿಂದ ಹೊಟ್ಟೆಕಿಚ್ಚು ಅರ್ಧವಾಗುವುದಿಲ್ಲ. ಶೆಡ್ಡಿನ ಬೀಗದಕೈ ಅವನ ಸೊಂಟದಲ್ಲಿ ನೇತಾಡುವುದನ್ನು ದಿನವೂ ನೋಡುತ್ತಿದ್ದೆ. ಉಸ್ತಾದರು ದಾವಣಗೆರೆಗೆ ಹೊರಟರು. ನಮ್ಮಪ್ಪ ಬಸ್ ಸ್ಟ್ಯಾಂಡಿಗೆ ಬಂದು ಅವರ ಕೈ ಹಿಡಿದು ಏನೋ ಮಾತಾಡಿದರು.

ಕೈ ಕೂಡಿಕೊಂಡ ಮೇಲೆ ಮೊದಲ ಸಲ ಮರಳಿನ ಚೀಲ ತುಂಬಿಕೊಂಡು ಏರಿಗೆ ಹೋದೆವು. ಅವನು ಸ್ಟಿಯರಿಂಗ್ ಹಿಡಿದಿದ್ದ, ನಾನು ಪಕ್ಕದಲ್ಲಿ. ಮೋರಿ ದಾಟುತ್ತಲೇ ಅವನು ರಸ್ತೆ ನೋಡುವುದು ಬಿಟ್ಟು ನನ್ನ ಕಡೆ ನೋಡಿದ. ಕಣ್ಣಿನ ಪಕ್ಕಕ್ಕೆ. ಉಸ್ತಾದರ ಅದೇ ನೋಟ, ಅದೇ ತಾಳ್ಮೆ. ಪ್ರೀತಿ ಎಂದು ನಾನು ಇಷ್ಟು ವರ್ಷ ಜೋಪಾನ ಮಾಡಿದ್ದ ಆ ನೋಟವನ್ನು ಅವನು ಒಂದೇ ಏರಿನಲ್ಲಿ ಕಲಿತುಬಿಟ್ಟಿದ್ದ.

ನಾನು ಕಿಟಕಿಯ ಕಡೆ ಕತ್ತು ಹೊರಳಿಸಿದೆ.

"ಮುಖ ಈ ಕಡೆ ಮಾಡಣ್ಣ" ಎಂದ ಅವನು. "ನಂಗೆ ಸದ್ದು ಕೇಳ್ಸಲ್ಲ."

ಎಂಜಿನ್ನು ಹೊಡೆಯತೊಡಗಿತ್ತು. ತಿರುಗಿದೆ.